ಡೀಫಾಲ್ಟ್ ಟೈಮ್‌ಝೋನ್: ಬಳಸಿ ನೋಡಿದ ಮೂರು ವಿಧಾನಗಳ ಹೋಲಿಕೆ

ವಹಿವಾಟುಗಳನ್ನು ತಾರೀಖುವಾರು ಒಟ್ಟುಗೂಡಿಸುವ ಒಂದೇ ಪ್ರೋಗ್ರಾಮನ್ನು ಜಾವಾದಲ್ಲಿ ಮೂರು ರೀತಿಯಲ್ಲಿ ಬರೆದು, ಪ್ರತಿಯೊಂದನ್ನೂ ಲ್ಯಾಪ್‌ಟಾಪಿನಲ್ಲಿಯೂ ಸರ್ವರಿನಲ್ಲಿಯೂ ಓಡಿಸಿ ನೋಡಿದೆ.

ಮೊದಲನೆಯದರಲ್ಲಿ ಟೈಮ್‌ಝೋನನ್ನು ಎಲ್ಲಿಯೂ ಹೇಳದೆ ಯಂತ್ರದ ಡೀಫಾಲ್ಟಿಗೇ, ಅಂದರೆ ಅದರಲ್ಲಿ ಮೊದಲೇ ಹೊಂದಿಸಿರುವ ಟೈಮ್‌ಝೋನಿಗೇ, ಬಿಟ್ಟಿದ್ದೆ. ಕೋಡು ಚಿಕ್ಕದಾಗುತ್ತದೆ ಎಂಬುದೊಂದೇ ಇದರ ಅನುಕೂಲ. ಲ್ಯಾಪ್‌ಟಾಪಿನ ಗಡಿಯಾರವು ಯುಟಿಸಿಗಿಂತ (ಎಲ್ಲ ಟೈಮ್‌ಝೋನ್‌ಗಳಿಗೆ ಆಧಾರವಾದ ಜಾಗತಿಕ ಸಮಯಕ್ಕಿಂತ) ಮುಂದಿದ್ದು ಸರ್ವರ್ ಯುಟಿಸಿಯಲ್ಲಿಯೇ ಇದ್ದುದರಿಂದ, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ ನಡೆದ ವಹಿವಾಟುಗಳು ಒಂದೆಡೆ ಹೊಸ ದಿನದ ಲೆಕ್ಕಕ್ಕೂ ಇನ್ನೊಂದೆಡೆ ಹಿಂದಿನ ದಿನದ ಲೆಕ್ಕಕ್ಕೂ ಸೇರಿದವು. ಯಾವ ಎರರ್ ಕೂಡ ಬರಲಿಲ್ಲ. ಈ ಕಾರಣಕ್ಕಾಗಿಯೇ ಇದನ್ನು ನಾನು ಅಪಾಯಕಾರಿ ಎನ್ನುತ್ತೇನೆ.

ಎರಡನೆಯದು, ಪ್ರೋಗ್ರಾಂ ಆರಂಭವಾಗುವಾಗಲೇ ಡೀಫಾಲ್ಟನ್ನು ಯುಟಿಸಿ ಮಾಡುವುದು. ಇದನ್ನು ಕೋಡಿನೊಳಗೆ ಟೈಮ್‌ಝೋನ್ ಕ್ಲಾಸಿನ ಸೆಟ್‌ಡೀಫಾಲ್ಟ್ ಕರೆದು ಮಾಡಿದಾಗ ಬದಲಾವಣೆಯು ಎಲ್ಲ ಥ್ರೆಡ್‌ಗಳಿಗೂ (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳಿಗೂ) ತಟ್ಟಿತಾದರೂ, ಅದಕ್ಕೆ ಮೊದಲೇ ಸೃಷ್ಟಿಯಾಗಿದ್ದ, ದಿನಾಂಕವನ್ನು ಅಕ್ಷರರೂಪಕ್ಕೆ ತರುವ ಸಿಂಪಲ್‌ಡೇಟ್‌ಫಾರ್ಮ್ಯಾಟ್ ವಸ್ತುಗಳು ಹಳೆಯ ವಲಯವನ್ನೇ ಹಿಡಿದುಕೊಂಡಿದ್ದವು. ಒಂದೇ ಲಾಗಿನಲ್ಲಿ ಎರಡು ಬಗೆಯ ಸಮಯ ಕಾಣಿಸಿತು. ಯೂಸರ್.ಟೈಮ್‌ಝೋನ್ ಎಂಬ ಪ್ರಾಪರ್ಟಿಯನ್ನು ಕಮಾಂಡ್ ಲೈನಿನಲ್ಲಿಯೇ ಕೊಟ್ಟಾಗ ಈ ತೊಂದರೆ ಇರಲಿಲ್ಲ.

ಮೂರನೆಯದು ನನಗೆ ಒಪ್ಪಿಗೆಯಾದ ವಿಧಾನ: 2014ರಲ್ಲಿ ಜಾವಾ 8ರೊಂದಿಗೆ ಬಂದ ಜಾವಾ.ಟೈಮ್ ಪ್ಯಾಕೇಜನ್ನು ಬಳಸಿ, ದಿನಾಂಕ ಬೇಕಾದ ಪ್ರತಿಯೊಂದು ಫಂಕ್ಷನ್ನಿಗೂ ವಲಯವನ್ನು ಅಥವಾ ವಲಯವುಳ್ಳ, ಈಗಿನ ಸಮಯ ಹೇಳುವ ಕ್ಲಾಕ್ ವಸ್ತುವನ್ನು ಕೈಯಾರೆ ಕೊಡುವುದು. ಬರೆಯುವ ಕೆಲಸ ಹೆಚ್ಚು, ಆದರೆ ಕ್ಲಾಕನ್ನು ಒಂದು ಕ್ಷಣಕ್ಕೆ ನಿಲ್ಲಿಸಿ ವರ್ಷದ ಕೊನೆಯ ರಾತ್ರಿಯನ್ನೂ ಟೆಸ್ಟ್ ಮಾಡಬಹುದು. ಇಲ್ಲಿಯೂ ಒಂದು ಬಿರುಕು ಉಳಿಯುತ್ತದೆ: ಯಾರಾದರೂ ಮರೆತು ಆರ್ಗ್ಯುಮೆಂಟ್ (ಇಲ್ಲಿ ವಲಯ ಅಥವಾ ಕ್ಲಾಕ್) ಇಲ್ಲದ, ಡೀಫಾಲ್ಟಿನಂತೆ ಇಂದಿನ ದಿನಾಂಕ ಕೊಡುವ ಲೋಕಲ್‌ಡೇಟ್.ನೌ ಬರೆದರೆ ಕಂಪೈಲರ್ ತಡೆಯುವುದಿಲ್ಲ, ಮತ್ತು ಡೀಫಾಲ್ಟ್ ಯುಟಿಸಿ ಆಗಿದ್ದರೆ ಆ ತಪ್ಪು ಮುಚ್ಚಿಯೇ ಹೋಗುತ್ತದೆ. ಆದಕಾರಣ ನಾನು ಟೆಸ್ಟುಗಳನ್ನು ಮಾತ್ರ ಯುಟಿಸಿಗಿಂತ 5 ಗಂಟೆ 45 ನಿಮಿಷ ಮುಂದಿರುವ ಏಷ್ಯಾ/ಕಾಠ್ಮಂಡು ಡೀಫಾಲ್ಟಿನಲ್ಲಿ ಓಡಿಸುತ್ತೇನೆ. ಸಮಯದಲ್ಲಿ ಆ 45 ನಿಮಿಷ ಇಣುಕಿದರೆ ಮರೆವು ಎಲ್ಲಿದೆಯೆಂದು ತಿಳಿಯುತ್ತದೆ.

ನಡೆದುಹೋದ ಘಟನೆಗಳನ್ನು ಯುಟಿಸಿಯಲ್ಲಿ ಶೇಖರಿಸುವುದು ಸರಿ. ಮುಂದೆ ನಡೆಯಬೇಕಾದವುಗಳಿಗೆ ಅದು ಸಾಲದು. 2018ರ ಅಕ್ಟೋಬರ್ 28ರಂದು ಗಡಿಯಾರವನ್ನು ಒಂದು ಗಂಟೆ ಹಿಂದಿಡಬೇಕಾಗಿದ್ದ ಮೊರಾಕ್ಕೊ ದೇಶವು, ಎರಡೇ ದಿನ ಮೊದಲು ಆ ಬದಲಾವಣೆಯನ್ನು ಕೈಬಿಟ್ಟಿತು. ಅಲ್ಲಿನ ನವೆಂಬರಿನ ಬೆಳಗಿನ 10 ಗಂಟೆಯ ಭೇಟಿಯನ್ನು ಹಳೆಯ ನಿಯಮದಂತೆ ಯುಟಿಸಿಗೆ ಪರಿವರ್ತಿಸಿಟ್ಟಿದ್ದ ಪ್ರೋಗ್ರಾಂ ಅದನ್ನು 11 ಗಂಟೆಗೆ ತೋರಿಸುತ್ತದೆ. ಸ್ಥಳೀಯ ಸಮಯದ ಜೊತೆಗೆ ಆಫ್ರಿಕಾ/ಕಾಸಾಬ್ಲಾಂಕಾ ಎಂಬ ವಲಯದ ಹೆಸರನ್ನೂ ಇಟ್ಟುಕೊಂಡಿದ್ದ ಪ್ರೋಗ್ರಾಮಿಗೆ ಟೈಮ್‌ಝೋನ್ ಡೇಟಾಬೇಸನ್ನು (ವಲಯಗಳ ಸಮಯದ ನಿಯಮಗಳ ಪಟ್ಟಿಯನ್ನು) ಅಪ್‌ಡೇಟ್ ಮಾಡಿದರೆ ಸಾಕು.