ಆಲ್ಪೈನ್ ಕಾರ್ವಿಂಗ್ ಪ್ಯಾಕೇಜ್ ಬುಕ್ ಮಾಡೋರು ದುಡ್ಡು ಕಳಿಸೋ ಮುಂಚೆ ಇದನ್ನ ಓದಿ

"ಗೇರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಎಲ್ಲಾ ಇಲ್ಲೇ ಇದೆ, ನೀವು ಬರೀ ಕೈಯಲ್ಲಿ ಬನ್ನಿ ಸಾಕು." ಈ ಮಾತು ಯಾರಾದ್ರೂ ಹೇಳಿದ್ರೆ ಅಲ್ಲಿಗೇ ನಿಲ್ಲಿಸ್ಬಿಡಿ. ಒಂದು ಪೈಸೆ ಕಳಿಸ್ಬೇಡಿ. ಆಲ್ಪೈನ್ ಸ್ನೋಬೋರ್ಡ್ ಕಾರ್ವಿಂಗ್, ಅಂದ್ರೆ ಕಿರಿದಾದ ಬೋರ್ಡನ್ನ ಅಂಚಿನ ಮೇಲೆ ವಾಲಿಸಿ ಮಂಜಲ್ಲಿ ಗೆರೆ ಕೊರೆದ ಹಾಗೆ ತಿರುಗಿಸ್ತಾ ಇಳಿಯೋದು, ಅದನ್ನ ಮಾಡ್ಬೇಕು ಅಂತ ಎಷ್ಟೋ ಕಾಲದಿಂದ ಆಸೆ ಇಟ್ಕೊಂಡು, ರಜೆ ಹೊಂದಿಸಿ, ವೀಸಾಕ್ಕೆ ಅಲೆದು, ಆಸ್ಟ್ರಿಯಾದ ಗ್ಲೇಸಿಯರ್‌ವರೆಗೂ ಹೋಗಿ ಮಂಗ ಆಗಿ ವಾಪಸ್ ಬಂದಿದೀನಿ. ಬರೀತಾ ಇರೋವಾಗ್ಲೂ ಮೈ ಉರೀತಿದೆ, ಹೇಳಿದ್ದನ್ನೇ ಹೇಳಿದ್ರೆ ಬೇಜಾರು ಮಾಡ್ಕೋಬೇಡಿ.

ನನಗೆ ಪ್ಯಾಕೇಜ್ ಮಾರಿ ಗೇರ್ ಬಾಡಿಗೆಗೆ ಕೊಟ್ಟ ಅಂಗಡಿ ಹೆಸರು ಹಾಕಲ್ಲ. ಕೇಸು ಗೀಸು ಅಂತ ಅಲ್ಲಿವರೆಗೂ ಓಡಾಡೋ ಶಕ್ತಿ ನನಗಿಲ್ಲ. ಆದ್ರೆ ಇವರ ವರಸೆ ಹೇಳಿದ್ರೆ ಸಾಕು, ನಾಳೆ ಇನ್ನೊಬ್ಬ ಇದೇ ವರಸೆಯಲ್ಲಿ ಬಂದಾಗ ನಿಮಗೇ ಗೊತ್ತಾಗತ್ತೆ.

ಆಲ್ಪೈನ್ ಬೋರ್ಡು ಬಾಡಿಗೆಗೆ ಸಿಗೋದು ಎಷ್ಟು ಕಷ್ಟ ಅಂತ ಈ ಹುಚ್ಚು ಇರೋರಿಗೆಲ್ಲ ಗೊತ್ತು. ಗೋಡೆ ತುಂಬಾ ಸ್ಕೀ ನಿಲ್ಲಿಸಿರೋ ಅಂಗಡಿಗೆ ಹೋಗಿ ಹಾರ್ಡ್ ಬೂಟ್ ಇದೆಯಾ ಅಂತ ಕೇಳಿದ್ರೆ ಸ್ಕೀ ಬೂಟ್ ತಂದು ಮುಂದೆ ಇಡ್ತಾರೆ. ಮಾಮೂಲಿ ಸ್ನೋಬೋರ್ಡಿನ ನಡು 25 ಸೆಂ.ಮೀ. ಆಸುಪಾಸು ಅಗಲ ಇರತ್ತೆ, ಮೆತ್ತನೆ ಬೂಟು, ಬೂಟನ್ನ ಬೋರ್ಡಿಗೆ ಹಿಡಿದಿಡೋಕೆ ಪಟ್ಟಿ ಇರೋ ಸ್ಟ್ರ್ಯಾಪ್ ಬೈಂಡಿಂಗು, ಅದು ಎಲ್ಲ ಕಡೆ ಸಿಗತ್ತೆ. ನಮ್ಮದು 18ರಿಂದ 20 ಸೆಂ.ಮೀ. ನಡು, ಪ್ಲಾಸ್ಟಿಕ್ ಹಾರ್ಡ್ ಬೂಟು, ಪ್ಲೇಟ್ ಬೈಂಡಿಂಗು, ಎರಡೂ ಪಾದ 55-60 ಡಿಗ್ರಿ ಮುಂದಕ್ಕೆ ತಿರುಗಿರ್ಬೇಕು. 2018ರ ಒಲಿಂಪಿಕ್ಸಲ್ಲಿ ಎಸ್ಟರ್ ಲೆಡೆಟ್ಸ್ಕಾ ಸ್ಕೀಯಲ್ಲಿ ಸೂಪರ್-ಜಿ ರೇಸ್ ಗೆದ್ದು, ಅದೇ ಒಲಿಂಪಿಕ್ಸಲ್ಲಿ ಸ್ನೋಬೋರ್ಡಲ್ಲೂ ಪ್ಯಾರಲಲ್ ಜೈಂಟ್ ಸ್ಲಾಲಮ್ ಅನ್ನೋ ರೇಸ್ ಗೆದ್ರಲ್ಲ, ಆ ಜಾತಿ ಬೋರ್ಡು. ಇದು ಸಿಗೋದು ಅಪರೂಪ, ಅದಕ್ಕೇ ಯಾರಾದ್ರೂ "ಇದೆ" ಅಂದ ತಕ್ಷಣ ನಮ್ಮಂಥೋರ ಬಾಯಲ್ಲಿ ನೀರು ಬರತ್ತೆ, ಆ ನೀರಲ್ಲೇ ಇವರು ಮೀನು ಹಿಡಿಯೋದು.

ಇವರು ಫೋಟೋ ಕಳಿಸಿದ್ರು. ಒಳಗೆ ಟೈಟನಾಲ್ ಅನ್ನೋ ಲೋಹದ ಶೀಟ್ ಹಾಕಿರೋ ಹೊಸ ಬೋರ್ಡುಗಳು, ಸಾಲಾಗಿ, ಅಂಚು ಫಳಫಳ. ನನ್ನ ತೂಕ ಕೇಳಿದ್ರು, ಪಾದದ ಅಳತೆ ಕೇಳಿದ್ರು, ಸ್ಟ್ಯಾನ್ಸ್ ಅಗಲ (ಎರಡು ಕಾಲಿನ ನಡುವಿನ ಅಂತರ), ಹಿಂದಿನ ಮುಂದಿನ ಪಾದದ ಆಂಗಲ್ ಎಲ್ಲಾ ಕೇಳಿದ್ರು. ಇಷ್ಟೆಲ್ಲ ಕೇಳೋನಿಗೆ ವಿಷಯ ಗೊತ್ತಿರತ್ತೆ ಅಂತ ಯಾರಿಗಾದ್ರೂ ಅನ್ಸತ್ತೆ ತಾನೇ. ನಾನು ಎಲ್ಲ ಬರೆದು ಕಳಿಸಿದೆ: ಮಾಂಡೊ (ಸೆಂ.ಮೀ.ನಲ್ಲಿ ಬೂಟಿನ ಅಳತೆ) 26.5, ಬೋರ್ಡು 160 ಸೆಂ.ಮೀ. ಆಚೀಚೆ, ಸೈಡ್‌ಕಟ್ ರೇಡಿಯಸ್ (ಬೋರ್ಡಿನ ಪಕ್ಕದ ಅಂಚಿನ ಬಾಗು) 10-11 ಮೀಟರ್ ಸಾಕು, ಯಾಕಂದ್ರೆ ಜನ ಇರೋ ಇಳಿಜಾರಲ್ಲಿ ಓಡಿಸೋದು. ಉತ್ತರ ಬಂತು, "ಪರ್ಫೆಕ್ಟ್, ನಿಮ್ಮ ಸೆಟಪ್ ರೆಡಿ." ಅರ್ಧ ದುಡ್ಡು ಅಡ್ವಾನ್ಸು, ಮೇಲೆ ಡೆಪಾಸಿಟ್ಟು. ಕಟ್ಟಿದೆ.

ಹೋದ ಮೊದಲ ಬೆಳಿಗ್ಗೆ. ಕಾರ್ವಿಂಗ್ ಮಾಡೋರಿಗೆ ಬೆಳಿಗ್ಗೆ ಅಂದ್ರೆ ಏನು ಅಂತ ಹೇಳ್ಬೇಕಾಗಿಲ್ಲ. ರಾತ್ರಿ ಮೆಷಿನ್ ಓಡಿಸಿ ಗೀರು ಗೀರಾಗಿ ಹದ ಮಾಡಿರ್ತಾರೆ, ಲಿಫ್ಟ್ ಓಪನ್ ಆದ ಮೇಲೆ ಒಂದೆರಡು ಗಂಟೆ ಅಷ್ಟೇ ನಮ್ಮ ಆಟ, ಆಮೇಲೆ ಎಲ್ಲರೂ ಬಂದು ತುಳಿದು ಗುಡ್ಡೆ ಗುಡ್ಡೆ ಮಾಡಿರ್ತಾರೆ. ಆ ಬೆಳಿಗ್ಗೇನ ನಾನು ಒಂದು ನೆಲಮಾಳಿಗೇಲಿ ನಿಂತು ಕಳೆದೆ.

ಮೊದ್ಲು ಆತ ತಂದಿದ್ದು ಮಾಮೂಲಿ ಅಗಲದ ಬೋರ್ಡು, ಸಾಫ್ಟ್ ಬೂಟು. ಇದೇನಿದು ಅಂದೆ. "ಇದೂ ಕಾರ್ವಿಂಗ್ ಬೋರ್ಡೇ ಮೈ ಫ್ರೆಂಡ್, ಜಪಾನಲ್ಲಿ ಎಲ್ಲರೂ ಸಾಫ್ಟ್ ಬೂಟಲ್ಲೇ ಕಾರ್ವ್ ಮಾಡ್ತಾರೆ" ಅಂದ. ಜಪಾನಲ್ಲಿ, ಕೊರಿಯಾದಲ್ಲಿ ಸಾಫ್ಟ್ ಬೂಟಲ್ಲಿ ಮಸ್ತಾಗಿ ಕಾರ್ವ್ ಮಾಡೋ ಜನ ಇದಾರೆ ನಿಜ, ಅದಕ್ಕೆ ಅಂತಲೇ ಮೂತಿ ಚಪ್ಪಟೆ ಇರೋ ಹ್ಯಾಮರ್‌ಹೆಡ್ ಬೋರ್ಡ್ ಬರತ್ತೆ, ಗಟ್ಟಿ ಬೂಟ್ ಬರತ್ತೆ. ಈತ ತಂದಿದ್ದು ಮಕ್ಕಳು ಪಾರ್ಕಲ್ಲಿ ಹಾರೋಕೆ ಇಟ್ಕೊಳೋ ಬೋರ್ಡು, ಕೈಯಲ್ಲಿ ಹಿಡಿದು ತಿರುಚಿದ್ರೆ ತಿರುಚ್ಕೊಳ್ತಿತ್ತು. ನಾನು ಫೋನ್ ತೆಗೆದು ಅವನೇ ಕಳಿಸಿದ ಫೋಟೋ ತೋರಿಸಿದೆ. "ಅವೆಲ್ಲ ಹೊರಗೆ ಹೋಗಿವೆ." ಎಲ್ಲಿಗೆ? "ಗಿರಾಕಿಗಳು ತಗೊಂಡು ಹೋಗಿದಾರೆ." ಹಾಗಾದ್ರೆ ನಾನು ಯಾರು?

ಗಲಾಟೆ ಮಾಡಿದ ಮೇಲೆ ಒಳಗಿಂದ ಒಂದು ಆಲ್ಪೈನ್ ಬೋರ್ಡು ಬಂತು. 185 ಸೆಂ.ಮೀ. ಉದ್ದ, ಟಾಪ್‌ಶೀಟಲ್ಲಿ ರೇಡಿಯಸ್ 20 ಮೀಟರ್ ಅಂತ ಅಚ್ಚು ಹಾಕಿದೆ. ರೇಸಿನವರು ಗೇಟ್, ಅಂದ್ರೆ ನೆಟ್ಟ ಕಂಬಗಳ ಮಧ್ಯೆ ಓಡಿಸೋ ಬೋರ್ಡು. ನಾನು ಕೇಳಿದ್ದು ಏನು, ಬಂದಿದ್ದು ಏನು. "ಉದ್ದ ಇದ್ರೆ ಸ್ಟೇಬಲ್ಲು, ಇನ್ನೂ ಒಳ್ಳೇದು" ಅಂತ ನನಗೇ ಪಾಠ. ಇದು ಬರೀ ಇಷ್ಟಾನಿಷ್ಟದ ಮಾತಲ್ಲ, ಲೆಕ್ಕ ಹಾಕಿ ನೋಡಿ: ಬೋರ್ಡನ್ನ 60 ಡಿಗ್ರಿ ವಾಲಿಸಿದ್ರೆ ತಿರುವಿನ ರೇಡಿಯಸ್ಸು ಸೈಡ್‌ಕಟ್ ರೇಡಿಯಸ್ಸಿನ ಸುಮಾರು ಅರ್ಧಕ್ಕೆ ಇಳಿಯತ್ತೆ, 20 ಮೀಟರಿಂದು 10 ಮೀಟರ್ ಆಗತ್ತೆ, ಅಷ್ಟು ವಾಲಿದಾಗ ಬೀಳದೇ ನಿಲ್ಬೇಕು ಅಂದ್ರೆ ಗಂಟೆಗೆ 45 ಕಿ.ಮೀ.ಗಿಂತ ಜಾಸ್ತಿ ವೇಗ ಬೇಕು. ಅದೇ ನಾನು ಕೇಳಿದ್ದ 10 ಮೀಟರ್ ರೇಡಿಯಸ್ಸಿನ ಬೋರ್ಡಿಗೆ 33 ಕಿ.ಮೀ. ಆಸುಪಾಸು ಸಾಕು. ಸ್ಕೀ ಸ್ಕೂಲಿನ ಮಕ್ಕಳು ಬಾತುಕೋಳಿ ಸಾಲಿನ ಹಾಗೆ ಇಳೀತಿರೋ ಇಳಿಜಾರಲ್ಲಿ ಆ ವೇಗಕ್ಕೆ ಎಲ್ಲಿ ಹೋಗೋದು? ವೇಗ ಕಮ್ಮಿ ಮಾಡಿದ್ರೆ ಆ ಬೋರ್ಡು ತಿರುಗೋದೇ ಇಲ್ಲ, ಉಜ್ಜಿಕೊಂಡು ಹೋಗತ್ತೆ ಅಷ್ಟೇ. ಅಂಚಿಗೆ ಉಗುರು ಕೆರೆದು ನೋಡಿದೆ, ಹರಿತ ಇದ್ರೆ ಉಗುರು ಹೆರೆದು ಬರ್ಬೇಕು, ಉಗುರಿಂದ ಒಂದು ಎಳೇನೂ ಏಳಲಿಲ್ಲ, ಕಂದು ಬಣ್ಣದ ತುಕ್ಕು ಬೆರಳಿಗೆ ಅಂಟ್ತು. "ಮಂಜಿನ ಮೇಲೆ ಎರಡು ಸಲ ಇಳಿದ್ರೆ ತುಕ್ಕು ಹೋಗತ್ತೆ" ಅಂದ. ತುಕ್ಕು ಹೋಗಬಹುದು ಮಾರಾಯ, ಮೊಂಡಾಗಿರೋ ಅಂಚು ಹರಿತ ಆಗತ್ತಾ?

ಇಷ್ಟಾದ್ಮೇಲೆ ಬಂತು ನೋಡಿ ಅಸಲಿ ಕಾಮಿಡಿ. ಬೋರ್ಡ್ ಮೇಲಿದ್ದ ಬೈಂಡಿಂಗು ಇಂಟೆಕ್ ಸ್ಟೆಪ್-ಇನ್. ಗೊತ್ತಿರೋರಿಗೆ ಗೊತ್ತು, ಇದಕ್ಕೆ ಬೂಟಿನ ಹಿಮ್ಮಡೀಲಿ ಎರಡು ಕಡೆ ಪಿನ್ ಇರ್ಬೇಕು, ಆ ಪಿನ್ನೇ ಹೋಗಿ ಬೈಂಡಿಂಗಲ್ಲಿ ಕೂರೋದು, ಬಿಚ್ಚೋಕೆ ಬೂಟಿಂದ ಒಂದು ಕೇಬಲ್ ಮೇಲೆ ಬರತ್ತೆ, ಅದನ್ನ ಎಳೀಬೇಕು. ಅವರು ಕೊಟ್ಟ ಬೂಟಲ್ಲಿ ಸಾದಾ ಹಿಮ್ಮಡಿ. ಪಿನ್ನೂ ಇಲ್ಲ, ಕೇಬಲ್ಲೂ ಇಲ್ಲ. ನಾನು ಕಾಲಿಟ್ಟೆ, ಕೂರಲಿಲ್ಲ. ಆತ ಹೇಳ್ತಾನೆ, "ಜೋರಾಗಿ ತುಳೀರಿ." ತುಳಿದೆ. "ಇನ್ನೂ ಜೋರಾಗಿ." ಸ್ಕೀ ಬೂಟ್ ಟ್ರಯಲ್ ನೋಡ್ತಿದ್ದ ಒಂದು ಫ್ಯಾಮಿಲಿ ಪೂರ್ತಿ ನನ್ನ ಕಡೆ ತಿರುಗಿ ನೋಡ್ತಿದೆ, ನಾನು ನೆಲಮಾಳಿಗೇಲಿ ದೇವರು ಮೈಮೇಲೆ ಬಂದೋನ ಥರ ಕುಣೀತಿದೀನಿ. ನನ್ನ ಜೊತೆ ಬಂದಿದ್ದ ಗೆಳೆಯ ಸ್ಕೀ ಮಾಡೋನು, ಬೋರ್ಡಿನ ಗಂಧ ಗಾಳಿ ಗೊತ್ತಿಲ್ಲ, ಅವನು ಬಗ್ಗಿ ನೋಡಿ, "ಲೋ ಮಗಾ, ಅಲ್ಲಿ ತೂತಿದೆ, ಇಲ್ಲಿ ಹೋಗೋಕೆ ಏನೂ ಇಲ್ವಲ್ಲೋ" ಅಂದ. ಆ ಕ್ಷಣ. ಗೇರ್ ಎಕ್ಸ್‌ಪರ್ಟ್ ಅಂತ ನನ್ನ ಹತ್ರ ದುಡ್ಡು ತಗೊಂಡ ಮನುಷ್ಯನಿಗೆ ಇಂಟೆಕ್ ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ. ತೂಕ, ಆಂಗಲ್, ಸ್ಟ್ಯಾನ್ಸ್ ಕೇಳಿದ್ದೆಲ್ಲ ಬರೀ ನಾಟಕ. ಎಲ್ಲಿಂದಲೋ ಕಾಪಿ ಹೊಡೆದ ಫಾರ್ಮು.

ಆಮೇಲೆ ಹಳೇ ಕಾಲದ ತಂತಿ ಬೈಂಡಿಂಗು ಹುಡುಕಿ ತಂದು, ಮುಂದೆ ಲಿವರ್ ಹಾಕಿ ಬಿಗಿಯೋದು, ಅದನ್ನ ಕೂರಿಸಿಕೊಟ್ರು. ಸ್ಕ್ರೂ ಟೈಟ್ ಮಾಡಿದ್ದು ನಾನೇ, ಅವರ ಹುಡುಗನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಆ ಸ್ಕ್ರೂಗೆ ಹೊಂದ್ತಾನೇ ಇರ್ಲಿಲ್ಲ. ಬೂಟು 26.5 ಅಲ್ಲ, 28. "ದಪ್ಪ ಸಾಕ್ಸ್ ಹಾಕ್ಕೊಳ್ಳಿ." ಮೇಲೆ ಹೋಗೋ ಹೊತ್ತಿಗೆ ಮಧ್ಯಾಹ್ನ, ಇಳಿಜಾರೆಲ್ಲ ಗುಡ್ಡೆ.

ಮಾರನೇ ದಿನ ಬೆಳಿಗ್ಗೆ ಬೇಗ ಹೋದೆ. ಹೀಲ್ ಸೈಡಲ್ಲಿ, ಅಂದ್ರೆ ಹಿಮ್ಮಡಿ ಕಡೆ ವಾಲಿದಾಗ, ಅಂಚು ಹಿಡೀತಾನೇ ಇಲ್ಲ, ಗಡಗಡ ಗಡಗಡ ಅಂತ ಜಾರತ್ತೆ, ಬೂಟೊಳಗೆ ಹಿಮ್ಮಡಿ ಮೇಲಕ್ಕೆ ಏಳತ್ತೆ. ಟೋ ಸೈಡ್ (ಬೆರಳ ಕಡೆ) ತಿರುವಲ್ಲಿ ಹಿಂದಿನ ಕಾಲಿಗೆ ಸ್ವಲ್ಪ ಭಾರ ಹಾಕಿದೆ ಅಷ್ಟೇ, ಟಪ್ ಅಂತ ಸದ್ದು. ಮೊದಲು ಮೂಳೆ ಅಂದ್ಕೊಂಡೆ. ದೇವರ ದಯೆ, ಬೂಟು. ಪಾದದ ಗಂಟಿನ ಹತ್ರ ಶೆಲ್ (ಹೊರಗಿನ ಗಟ್ಟಿ ಪ್ಲಾಸ್ಟಿಕ್ಕು) ಒಡೆದು ಕಾಲು ಸುತ್ತೋ ಮೇಲಿನ ಕಫ್ ಕಳಚ್ಕೊಂಡಿತ್ತು. ಪ್ಲೇಟ್ ಬೈಂಡಿಂಗು ಸ್ಕೀ ಬೈಂಡಿಂಗ್ ಥರ ಬಿದ್ದಾಗ ತಾನಾಗೇ ಬಿಚ್ಕೊಳ್ಳಲ್ಲ, ಕಾಲು ಅಲ್ಲೇ ಸಿಕ್ಕಾಕ್ಕೊಂಡಿರತ್ತೆ. ಮಂಡಿ ತಿರುಚಿ, ದೂರದವರೆಗೂ ಜಾರ್ಕೊಂಡು ಹೋಗಿ ಇಳಿಜಾರಿನ ಅಂಚಲ್ಲಿ ಕಟ್ಟಿರೋ ಬಲೆ ಹತ್ರ ನಿಂತೆ. ಒಡೆದ ಜಾಗ ಮುಟ್ಟಿದ್ರೆ ಪ್ಲಾಸ್ಟಿಕ್ ಹಪ್ಪಳದ ಥರ ಚೂರು ಚೂರು. ಬೂಟು ಕೈಯಲ್ಲಿ ಹಿಡ್ಕೊಂಡು, ಸಾಕ್ಸಲ್ಲಿ, ಗೆಳೆಯನ ಹೆಗಲ ಮೇಲೆ ಕೈ ಹಾಕ್ಕೊಂಡು ಗೊಂಡೊಲಾ ಕ್ಯೂನಲ್ಲಿ ನಿಂತಿದ್ದೆ, ಜನ ನೋಡ್ತಿದ್ರು, ಹೇಳೋಕೂ ನಾಚಿಕೆ.

ಕೆಳಗೆ ಬಂದು ಗೆಳೆಯ ಬೂಟೊಳಗಿನ ಮೆತ್ತನೆ ಲೈನರ್ ಎಳೆದು ಶೆಲ್ ಒಳಗೆ ಟಾರ್ಚ್ ಬಿಟ್ಟ. ಅಚ್ಚಿನ ಗುರುತು ಇತ್ತು, ದುಂಡಗೆ, ಸುತ್ತ 1ರಿಂದ 12, ನಡುವೆ ಬಾಣ, ಬಾಣದ ಆ ಕಡೆ 0, ಈ ಕಡೆ 1. ಬಾಣ ತೋರಿಸೋದು ತಿಂಗಳು, 0 ಮತ್ತು 1 ಸೇರಿ ವರ್ಷ, ಅಂದ್ರೆ 2001. ಈ ಬೂಟುಗಳ ಪ್ಲಾಸ್ಟಿಕ್ಕು ಹೆಚ್ಚಾಗಿ ಪಾಲಿಯುರೆಥೇನು, ಸುಮ್ನೆ ಮೂಲೇಲಿ ಇಟ್ರೂ ತೇವಕ್ಕೆ ಒಳಗೊಳಗೇ ಸತ್ವ ಕಳ್ಕೊಳತ್ತೆ, ನೋಡೋಕೆ ಹೊಸದರ ಥರ ಇರತ್ತೆ, ಒಂದು ದಿನ ಚಳೀಲಿ ಒತ್ತಡ ಬಿದ್ದಾಗ ಹೀಗೆ ಒಡೆಯತ್ತೆ. ಅಂಥದ್ದನ್ನ ದುಡ್ಡು ತಗೊಂಡು ಬೇರೆಯವರ ಕಾಲಿಗೆ ಹಾಕ್ತಾರೆ ಅಂದ್ರೆ ಇವರಿಗೆ ಏನು ಹೇಳ್ಬೇಕು ನೀವೇ ಹೇಳಿ.

ಅಂಗಡೀಲಿ ಆತನ ಮಾತು ಕೇಳಿ. "ಅದು ಅಚ್ಚು ಮಾಡಿದ ವರ್ಷ, ಬೂಟ್ ಮಾಡಿದ ವರ್ಷ ಅಲ್ಲ." ಸರಿ, ಬೂಟ್ ಮಾಡಿದ ವರ್ಷ ಯಾವುದು? "ನಮಗೆ ಗೊತ್ತಿಲ್ಲ." ಬೇರೆ ಬೂಟ್ ಕೊಡಿ. "ಇದೊಂದೇ ಜೋಡಿ ಇದ್ದಿದ್ದು." ಒಂದೇ ಜೋಡಿ! ಹಾಗಾದ್ರೆ ನನ್ನ ಅಳತೆ ಯಾಕಪ್ಪಾ ಕೇಳಿದೆ! ದುಡ್ಡು ವಾಪಸ್ ಕೊಡಿ ಅಂದ್ರೆ, ಮೊದಲ ದಿನ ನಾನು ಸೈನ್ ಹಾಕಿದ ಕಾಗದ ತಂದು ತೋರಿಸ್ತಾನೆ, ಜರ್ಮನ್ನಲ್ಲಿ, "ಗೇರ್ ಒಳ್ಳೇ ಸ್ಥಿತೀಲಿ ಪಡೆದಿದೀನಿ" ಅಂತ ಇದೆಯಂತೆ.

ಊರಿಗೆ ಬಂದು ಮೇಲ್ ಹಾಕಿದೆ. ಎಷ್ಟೋ ದಿನ ಸುದ್ದಿ ಇಲ್ಲ. ಆಮೇಲೆ ಒಂದು ಉತ್ತರ: "ಗ್ರಾಹಕರ ತಂತ್ರ ಸರಿ ಇಲ್ಲದ ಕಾರಣ ಶೆಲ್ ಮುರಿದಿದೆ. ಬೂಟಿನ ಬೆಲೆಯನ್ನು ಡೆಪಾಸಿಟ್‌ನಲ್ಲಿ ಮುರಿದುಕೊಳ್ಳಲಾಗಿದೆ." ಓದಿ ಎರಡು ನಿಮಿಷ ಹಾಗೇ ಕೂತಿದ್ದೆ. ಒಡೆದಿದ್ದು ಅವರ ಕಸ, ಮಂಡಿ ನಂದು, ದುಡ್ಡೂ ನಂದು. ಕೊನೇಲಿ ಬೇರೆ ಒಂದು ಸ್ಮೈಲಿ, ಮುಂದಿನ ಸೀಸನ್‌ಗೆ ಹತ್ತು ಪರ್ಸೆಂಟ್ ರಿಯಾಯಿತಿ ಕೊಡ್ತಾರಂತೆ!

ನನ್ನ ಮಾತು ಕೇಳೋದಾದ್ರೆ ಬೂಟು ಮಾತ್ರ ನಿಮ್ಮ ಸ್ವಂತದ್ದೇ ತಗೊಳ್ಳಿ, ಡೀಲಕ್ಸ್ ಕಂಪನಿದಾಗಲಿ, ಯುಪಿಝಡ್ ಕಂಪನಿದಾಗಲಿ, ಮೌಂಟನ್ ಸ್ಲೋಪ್ ಕಂಪನಿದಾಗಲಿ, ಕಾಲಿಗೆ ಯಾವುದು ಕೂರತ್ತೋ ಅದು, ಹೊರೆ ಆದ್ರೂ ಹೊತ್ಕೊಂಡು ಹೋಗಿ. ಸೆಕೆಂಡ್ ಹ್ಯಾಂಡ್ ಆದ್ರೆ ಲೈನರ್ ತೆಗೆಸಿ ಒಳಗಿನ ಗುರುತಿನ ಫೋಟೋ ಕೇಳಿ. ಬೋರ್ಡು ಬಾಡಿಗೆ ಅಂದ್ರೆ ಅದೇ ಬೋರ್ಡಿನ, ಅದೇ ಬೈಂಡಿಂಗಿನ, ಇವತ್ತಿನ ಫೋಟೋ ಕೇಳಿ, ಪಕ್ಕದಲ್ಲಿ ನಿಮ್ಮ ಹೆಸರು ಬರೆದ ಚೀಟಿ ಇಟ್ಟು ತೆಗೀರಿ ಅನ್ನಿ. "ಇಂಟೆಕ್ ಹೀಲ್ ಇದೆಯಾ, ಸಾದಾನಾ" ಅಂತ ಒಂದು ಪ್ರಶ್ನೆ ಹಾಕಿ. ಒಂದೇ ಮಾತಲ್ಲಿ ಉತ್ತರ ಬರದೆ "ಎಲ್ಲಾ ಫಿಟ್ ಆಗತ್ತೆ ಮೈ ಫ್ರೆಂಡ್" ಅಂದ್ರೆ ಫೋನ್ ಇಟ್ಬಿಡಿ. ಮತ್ತೆ ಗೊತ್ತಿಲ್ಲದ ಭಾಷೇಲಿರೋ ಕಾಗದಕ್ಕೆ ಸೈನ್ ಹಾಕೋ ಮುಂಚೆ ಗೇರಿನ ವಿಡಿಯೋ ಮಾಡ್ಕೊಳ್ಳಿ, ಅವರ ಎದುರಿಗೇ.

ದುಡ್ಡು ಕಾರ್ಡಲ್ಲಿ ಕಟ್ಟಿದ್ದಕ್ಕೆ ಬ್ಯಾಂಕಲ್ಲಿ ಡಿಸ್ಪ್ಯೂಟ್ ಹಾಕಿದೀನಿ. ಅವರು ಕಳಿಸಿದ ಫೋಟೋ, ಒಡೆದ ಬೂಟಿನ ಫೋಟೋ, 2001ರ ಗುರುತು, ಮೆಸೇಜು ಎಲ್ಲಾ ಕೊಟ್ಟಿದೀನಿ, ಬ್ಯಾಂಕಿನವರು ಈಗ ಆ ಜರ್ಮನ್ ಕಾಗದದ ಅನುವಾದ ಬೇಕು ಅಂತಿದಾರೆ. ಜರ್ಮನ್ ಬಲ್ಲೋರು ಯಾರಾದ್ರೂ ಇದ್ರೆ ಒಂದು ಮೆಸೇಜ್ ಹಾಕಿ, ಒಂದೇ ಪುಟ ಇರೋದು.