ಕೇಯಾಸ್ ಎ.ಡಿ.: ಸ್ಪೀಡ್ ಕಮ್ಮಿ ಆಯ್ತು, ಏಟು ಜೋರಾಯ್ತು

ಸೆಪಲ್ಟುರಾ ಅನ್ನೋ ಮೆಟಲ್ ಬ್ಯಾಂಡಿನ ಈ ಆಲ್ಬಮ್ ಮೊದಲನೇ ಸಲ ಹಾಕ್ದಾಗ ಇಯರ್‌ಫೋನ್ ಪಿನ್ ಲೂಸ್ ಆಗಿದೆ ಅಂದ್ಕೊಂಡು ಎರಡು ಸಲ ಕಿತ್ತು ಮತ್ತೆ ಚುಚ್ಚಿದ್ದೆ. ಗಿಟಾರ್ ಇಲ್ಲ, ಕಿರುಚಾಟ ಇಲ್ಲ, ಬರೀ ದುಬುಕ್ ದುಬುಕ್ ಅಂತ ಏನೋ ಒಂದು ಬಡ್ಕೊಳ್ತಾ ಇತ್ತು. ಆಮೇಲೆ ಗೊತ್ತಾಯ್ತು, ಅದು ಬ್ಯಾಂಡಿನ ಹಾಡುಗಾರ-ಗಿಟಾರಿಸ್ಟ್ ಮ್ಯಾಕ್ಸ್ ಕವಲೇರಾನ ಮಗ ಇನ್ನೂ ಅಮ್ಮನ ಹೊಟ್ಟೆಲಿದ್ದಾಗ ರೆಕಾರ್ಡ್ ಮಾಡ್ಕೊಂಡ ಎದೆಬಡಿತ ಅಂತ. ಅದರ ಬೆನ್ನಿಗೇ ಡ್ರಮ್ಮರ್ ಈಗೊರ್ ಕವಲೇರಾ ಟಾಮ್‌ಗಳ (ದಪ್ಪ ಸದ್ದಿನ ಡ್ರಮ್‌ಗಳು) ಮೇಲೆ ಶುರು ಹಚ್ಕೊಳ್ತಾನೆ, ಆಮೇಲೆ ಗಿಟಾರ್ ಬರತ್ತೆ, ಅಷ್ಟೊತ್ತಿಗೆ ನಮ್ಮ ಕತ್ತು ನಮ್ಮ ಮಾತು ಕೇಳೋದು ಬಿಟ್ಟಿರತ್ತೆ.

ಸೆಪಲ್ಟುರಾ ಬ್ರೆಜಿಲ್‌ನ ಬೆಲೊ ಹಾರಿಜಾಂಟೆ ಊರಿನ ಬ್ಯಾಂಡು, 1984ರಲ್ಲಿ ಶುರುವಾಗಿದ್ದು, ಪೋರ್ಚುಗೀಸ್‌ನಲ್ಲಿ ಆ ಪದಕ್ಕೆ ಸಮಾಧಿ ಅಂತ ಅರ್ಥ. 1991ರ ಅರೈಸ್ ಆಲ್ಬಮ್ ತನಕ ಇವರು ಪಕ್ಕಾ ಥ್ರ್ಯಾಶ್ (ಭಾರಿ ಸ್ಪೀಡಿನ ಮೆಟಲ್) ಹುಡುಗ್ರು, ಓಡೋದು ಅಂದ್ರೆ ಓಡೋದೇ, ಹಿಂದೆ ತಿರುಗಿ ನೋಡೋ ಪ್ರಶ್ನೆನೇ ಇಲ್ಲ. 1993ರಲ್ಲಿ ಕೇಯಾಸ್ ಎ.ಡಿ. ಬಂದಾಗ ಏಕ್‌ದಂ ಬ್ರೇಕ್ ಹಾಕ್ಬಿಟ್ರು. ರಿಫ್‌ಗಳು, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕುಗಳು, ಚಿಕ್ಕದಾದ್ವು, ನಡುವೆ ಗ್ಯಾಪ್ ಬಂತು, ಆ ಗ್ಯಾಪ್‌ನಲ್ಲಿ ಡ್ರಮ್ಸ್ ಕೂತ್ಕೊಂಡ್ತು. ಗ್ರೂವ್ ಮೆಟಲ್ ಅಂತ ಕರೆಯೋದು ಇದಕ್ಕೇನೇ. ಸ್ಪೀಡ್‌ನಿಂದ ಹೊಡಿಯೋದಲ್ಲ, ಸ್ವಲ್ಪ ತಡೆದು ಸರಿಯಾದ ಜಾಗಕ್ಕೆ ಹೊಡಿಯೋದು. ಅರೈಸ್ ಇಷ್ಟಪಟ್ಟಿದ್ದ ಎಷ್ಟೋ ಜನಕ್ಕೆ ಇದು ಇವತ್ತಿಗೂ ನುಂಗಕ್ಕಾಗ್ದ ತುತ್ತು. ನಂದು ಉಲ್ಟಾ, ನಾನು ಇದರಿಂದ ಶುರು ಮಾಡಿ ಹಿಂದಕ್ಕೆ ಹೋದವನು, ಹಾಗಾಗಿ ನನ್ನ ಮಾತಲ್ಲಿ ಒಂಚೂರು ಪಕ್ಷಪಾತ ಇದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಈ ಆಲ್ಬಮ್‌ನ ಹೀರೋ ಯಾರು ಅಂದ್ರೆ ಹಾಡೋನೂ ಅಲ್ಲ ಗಿಟಾರಿನವನೂ ಅಲ್ಲ, ಈಗೊರ್. ಎರಡನೇ ಹಾಡು ಟೆರಿಟರಿ ಶುರುವಾಗೋ ಮೊದಲ ಕೆಲವು ಸೆಕೆಂಡು ಕೇಳಿ ಸಾಕು, ಬರೀ ಡ್ರಮ್ಸೇ ಇರೋದು, ಟಾಮ್‌ಗಳ ಮೇಲೆ ಉರುಳ್ಕೊಂಡು ಬರತ್ತಲ್ಲ ಅದು, ಗಿಟಾರ್ ಇಲ್ದೇನೇ ಯಾವ ಹಾಡು ಅಂತ ಗೊತ್ತಾಗ್ಬಿಡತ್ತೆ. ಮೆಟಲ್‌ನಲ್ಲಿ ಎಷ್ಟು ಹಾಡಿಗೆ ಈ ಮಾತು ಹೇಳಕ್ಕಾಗತ್ತೆ ಹೇಳಿ? ಬೇರೆ ಡ್ರಮ್ಮರ್‌ಗಳು ಕಿಕ್ಕು ಸ್ನೇರು ಅನ್ನೋ ಡ್ರಮ್‌ಗಳನ್ನ ಇಟ್ಕೊಂಡು ಲೆಕ್ಕ ಮಾಡ್ತಿದ್ರೆ ಇವನು ಕೆಳಗಿನ ಟಾಮ್‌ಗಳನ್ನ ಚರ್ಮವಾದ್ಯದ ತರ ಬಾರಿಸ್ತಾನೆ. ಏಟು ಬೀಳ್ಬೇಕಾದ ಜಾಗಕ್ಕಿಂತ ಒಂದು ಕೂದಲೆಳೆ ಹಿಂದೆ ಬೀಳತ್ತೆ, ಅದಕ್ಕೇ ಹಾಡು ನಡೆಯೋದು ಬಿಟ್ಟು ತೂಗಾಡತ್ತೆ. ಒಂದೇ ಕಾಲದ ಪ್ಯಾಂಟೆರಾ ಅನ್ನೋ ಮೆಟಲ್ ಬ್ಯಾಂಡಿನ ಜೊತೆ ಇಟ್ಟು ನೋಡಿದ್ರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗತ್ತೆ. ಅಲ್ಲಿ ಗ್ರೂವ್ ಹುಟ್ಟೋದು ಅವರ ಗಿಟಾರಿಸ್ಟ್ ಡೈಮ್‌ಬ್ಯಾಗ್‌ನ ಕೈಯಲ್ಲಿ, ಡ್ರಮ್ಸು ಅದಕ್ಕೆ ಅಂಟ್ಕೊಂಡು ಹೋಗತ್ತೆ. ಇಲ್ಲಿ ಗಿಟಾರೇ ಡ್ರಮ್ಸ್‌ಗೆ ಚಾಕರಿ ಮಾಡ್ತಾ ಇದೆ.

ಅಂದಹಾಗೆ ಮ್ಯಾಕ್ಸ್ ಗಿಟಾರಲ್ಲಿ ಇರೋದು ನಾಲ್ಕೇ ತಂತಿ, ಮೇಲಿನ ಶ್ರುತಿಯ ಎರಡು ತೆಳು ತಂತಿ ಹಾಕೋದೇ ಇಲ್ಲ. ಮೊದ್ಲು ಕೇಳ್ದಾಗ ಶೋಕಿ ಅನ್ನಿಸ್ತು, ಆಮೇಲೆ ಈ ರಿಫ್‌ಗಳನ್ನ ಕೇಳ್ತಾ ಕೇಳ್ತಾ ಹೌದಲ್ವಾ ಇವನಿಗೆ ಆ ಎರಡು ತಂತಿ ಇಟ್ಕೊಂಡು ಏನಾಗ್ಬೇಕಿತ್ತು ಅನ್ನಿಸ್ತು.

ಸೌಂಡ್ ವಿಷಯಕ್ಕೆ ಬಂದ್ರೆ, ರೆಕಾರ್ಡಿಂಗ್ ಆಗಿದ್ದು ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ, ಪ್ರೊಡ್ಯೂಸರ್ ಆಂಡಿ ವಾಲೇಸ್. ನಿರ್ವಾನಾ ಬ್ಯಾಂಡಿನ ನೆವರ್‌ಮೈಂಡ್ ಆಲ್ಬಮ್ ಮಿಕ್ಸ್ ಮಾಡಿದ್ದು ಇದೇ ಮನುಷ್ಯ. ಡ್ರಮ್ಸ್ ದೊಡ್ಡ ರೂಮಲ್ಲಿ ಎದುರಿಗೇ ಇಟ್ಟಂಗೆ ಕೇಳತ್ತೆ, ಗಿಟಾರ್ ಒಣಗಿದ ಕಟ್ಟಿಗೆ ತರ ಗಟ್ಟಿಯಾಗಿದೆ, ಮೂವತ್ತು ವರ್ಷ ಆದ್ಮೇಲೂ ಹಳೇದು ಅನ್ಸಲ್ಲ. ಆದ್ರೆ ಬೇಸ್ ಗಿಟಾರ್ ಎಲ್ಲಿ ಸ್ವಾಮಿ? ಪೌಲೊ ಜೂನಿಯರ್ ನುಡಿಸಿದ್ದು ಗಿಟಾರ್ ಕೆಳಗೆ ಸಿಕ್ಕಾಕೊಂಡು ಅಪ್ಪಚ್ಚಿ ಆಗಿದೆ. ಒಳ್ಳೆ ಹೆಡ್‌ಫೋನ್ ಹಾಕ್ಕೊಂಡು ಹುಡುಕಿದ್ರೆ ಅಲ್ಲಲ್ಲಿ ಒಂದು ಗುರ್ ಅನ್ನೋ ಸದ್ದು ಸಿಗತ್ತೆ ಅಷ್ಟೇ. ಗ್ರೂವ್ ಅಂತ ಹೆಸರಿಟ್ಕೊಂಡು ಬೇಸ್‌ನ ಹೀಗೆ ಮುಚ್ಚಿಡೋದು ನನಗಂತೂ ಸರಿ ಕಾಣಲಿಲ್ಲ.

ಇನ್ನು ಕಯೋವಾಸ್. ಐದನೇ ಟ್ರ್ಯಾಕು, ಮಾತೇ ಇಲ್ಲ, ಅಕೌಸ್ಟಿಕ್ ಗಿಟಾರ್ ಮತ್ತೆ ಕೈಯಲ್ಲಿ ಬಡಿಯೋ ವಾದ್ಯಗಳು. ವೇಲ್ಸ್‌ನಲ್ಲೇ ಇರೋ ಚೆಪ್‌ಸ್ಟೋ ಕೋಟೆಯ ಪಾಳು ಗೋಡೆಗಳ ಮಧ್ಯೆ ಕೂತು ರೆಕಾರ್ಡ್ ಮಾಡಿದ್ದು. ಕಯೋವಾ ಅನ್ನೋದು ಬ್ರೆಜಿಲ್‌ನ ಒಂದು ಬುಡಕಟ್ಟು, ತಮ್ಮ ನೆಲ ಕಿತ್ಕೊಂಡಿದ್ದಕ್ಕೆ ಪ್ರತಿಭಟನೆಯಾಗಿ ಸಾವಿಗೇ ಕೊರಳೊಡ್ಡಿದ ಜನ, ಈ ಟ್ರ್ಯಾಕು ಅವರ ನೆನಪಿಗೆ. ನಾಲ್ಕು ನಿಮಿಷನೂ ಇಲ್ಲ. ಗಿಟಾರ್‌ನ ಒಂದೇ ಸಣ್ಣ ತುಣುಕು ಸುತ್ತಿ ಸುತ್ತಿ ಬರತ್ತೆ, ಪ್ರತಿ ಸುತ್ತಿಗೂ ಬಡಿತ ಒಂಚೂರು ಏರತ್ತೆ, ಯಾರೂ ಅವಸರ ಮಾಡಲ್ಲ. ಮೆಟಲ್ ಆಲ್ಬಮ್‌ಗಳಲ್ಲಿ ಅಕೌಸ್ಟಿಕ್ ಟ್ರ್ಯಾಕ್ ಅಂದ್ರೆ ಸಾಮಾನ್ಯವಾಗಿ ನೀರು ಕುಡ್ಕೊಂಡು ಬರೋ ಟೈಮು. ಇಲ್ಲಿ ಎದ್ದು ಹೋಗಕ್ಕೆ ಮನಸ್ಸು ಬರಲ್ಲ. ಇಡೀ ಆಲ್ಬಮ್‌ನಲ್ಲಿ ಒಂದೇ ಒಂದು ಉಳಿಸ್ಕೋ ಅಂದ್ರೆ ನಾನು ಇದನ್ನೇ ಉಳಿಸ್ಕೋತೀನಿ, ಡಿಸ್ಟಾರ್ಷನ್ (ಗಿಟಾರಿನ ಗರಗರ ಸದ್ದು) ಇಲ್ದಿರೋ ಹಾಡನ್ನ ಮೆಟಲ್ ಆಲ್ಬಮ್‌ನ ಬೆಸ್ಟ್ ಅಂತೀನಿ ಅಂತ ಬಯ್ಯೋರು ಬಯ್ಕೊಳ್ಳಿ.

ಸಾಹಿತ್ಯದಲ್ಲಿ ನಂಗೆ ಸ್ವಲ್ಪ ತಕರಾರಿದೆ. ಇವರು ಹುಟ್ಟಿ ಬೆಳೆದಿದ್ದು ಮಿಲಿಟರಿ ಆಳ್ವಿಕೆ ಕಾಲದಲ್ಲಿ, 1985ರ ತನಕ ಬ್ರೆಜಿಲ್‌ನಲ್ಲಿ ಅದೇ ಇದ್ದಿದ್ದು, ಹಾಗಾಗಿ ಪೊಲೀಸು, ಸರ್ಕಾರ, ಸೆನ್ಸಾರು ಅಂತ ಇವರು ಕೂಗಿದ್ರೆ ಅದು ಬಾಯಿಮಾತಲ್ಲ. ಮ್ಯಾನಿಫೆಸ್ಟ್ ಹಾಡು ಕರಂಡಿರು ಜೈಲಿನ ಬಗ್ಗೆ, 1992ರ ಅಕ್ಟೋಬರ್ 2ಕ್ಕೆ ಸಾವೊ ಪೌಲೊದಲ್ಲಿ ಗಲಾಟೆ ಅಡಗಿಸಕ್ಕೆ ಅಂತ ಒಳಗೆ ನುಗ್ಗಿದ ಮಿಲಿಟರಿ ಪೊಲೀಸ್ ಕಾರ್ಯಾಚರಣೆಯಲ್ಲಿ 111 ಕೈದಿಗಳು ಸತ್ರು. ಆ ಹಾಡಲ್ಲಿ ಒಂದು ದನಿ ವಾರ್ತೆ ಓದೋ ತರ ಇದನ್ನೆಲ್ಲ ಹೇಳ್ತಾ ಹೋಗತ್ತೆ. ಮೊದಲನೇ ಸಲ ಕೇಳ್ದಾಗ ಮೈ ಜುಂ ಅಂತು. ಹತ್ತನೇ ಸಲಕ್ಕೆ ಆ ವರದಿ ಯಾವಾಗ ಮುಗಿಯತ್ತೋ ರಿಫ್ ಯಾವಾಗ ಬರತ್ತೋ ಅಂತ ಕಾಯೋ ಹಂಗಾಯ್ತು, ಹೇಳಕ್ಕೆ ನಂಗೇ ನಾಚಿಕೆ ಆಗತ್ತೆ, ಆದ್ರೆ ನಿಜ.

ಮ್ಯಾಕ್ಸ್ ಬರೆಯೋದು ಇಂಗ್ಲಿಷಲ್ಲಿ, ಅದು ಅವನ ಮನೆಭಾಷೆ ಅಲ್ಲ, ಅದಕ್ಕೇ ವಾಕ್ಯಗಳೆಲ್ಲ ಘೋಷಣೆ ತರ, ಎರಡು ಪದ ಮೂರು ಪದ ಮುಗೀತು. ಒಳ್ಳೆ ಹಾಡುಗಳಲ್ಲಿ ಇದೇ ಪ್ಲಸ್ ಪಾಯಿಂಟು, ಪದಗಳೂ ಡ್ರಮ್ಸ್ ಏಟಿನ ತರಾನೇ ಬೀಳ್ತವೆ. ಕೆಲಸ ಮಾಡದಿರೋ ಕಡೆ ಮಾತ್ರ ಗೋಡೆಬರಹ ಓದಿದಂಗಾಗತ್ತೆ. ಒಂಬತ್ತನೇ ಹಾಡು ವಿ ಹೂ ಆರ್ ನಾಟ್ ಆ್ಯಸ್ ಅದರ್ಸ್ ತಗೊಳ್ಳಿ, ಹಾಡಿನ ಹೆಸರೇನಿದೆಯೋ ಅದೇ ಸಾಹಿತ್ಯ, ಅದನ್ನೇ ಹೇಳ್ಕೊಂಡು ಹೋಗ್ತಾನೆ. ರಿಫ್ ಭಾರಿಯಾಗಿದೆ, ಒಪ್ತೀನಿ, ಆದ್ರೆ ಗಾಣದೆತ್ತಿನ ತರ ಸುತ್ತಿದಲ್ಲೇ ಸುತ್ತತ್ತೆ. ಕಯೋವಾಸ್‌ನಲ್ಲೂ ಸುತ್ತೋದೇ ತಾನೇ ಅಂತ ಕೇಳ್ಬಹುದು, ಅಲ್ಲಿ ಸುತ್ತುತ್ತಾ ಏರತ್ತೆ, ಇಲ್ಲಿ ಏರಲ್ಲ.

ಬಯೋಟೆಕ್ ಈಸ್ ಗಾಡ್‌ಝಿಲ್ಲಾ ಹಾಡಿಗೆ ಡೆಡ್ ಕೆನೆಡೀಸ್ ಅನ್ನೋ ಪಂಕ್ ಬ್ಯಾಂಡಿನ ಜೆಲ್ಲೊ ಬಿಯಾಫ್ರಾ ಸಾಹಿತ್ಯ ಬರೆದಿದಾನೆ, ಎರಡು ನಿಮಿಷದೊಳಗೆ ಮುಗಿಯತ್ತೆ, ಪಂಕ್ ತರ ಬಂದು ಹೊಡೆದು ಓಡಿಹೋಗತ್ತೆ, ಚೆನ್ನಾಗಿದೆ. ಸ್ಲೇವ್ ನ್ಯೂ ವರ್ಲ್ಡ್, ಪ್ರೊಪಗ್ಯಾಂಡಾ ಎರಡೂ ಕಣ್ಣು ಮುಚ್ಚಿ ಕೇಳ್ಬಹುದು. ನೋಮ್ಯಾಡ್ ನಿಧಾನ, ನಂಗೆ ಇಷ್ಟ, ಎಲ್ಲರಿಗೂ ಆಗಲ್ಲ.

ಹನ್ನೊಂದನೇದು ದಿ ಹಂಟ್ ಮಾತ್ರ ಯಾಕೆ ಹಾಕಿದ್ರೋ. ನ್ಯೂ ಮಾಡೆಲ್ ಆರ್ಮಿ ಅನ್ನೋ ಇಂಗ್ಲೆಂಡ್ ಬ್ಯಾಂಡಿನ ಹಾಡು, ಕವರ್ ಮಾಡಿದಾರೆ. ಕೆಟ್ಟದಾಗೇನೂ ನುಡಿಸಿಲ್ಲ, ಆದ್ರೆ ಬೇರೆ ಮನೆ ಮಗು ಬಂದು ಫ್ಯಾಮಿಲಿ ಫೋಟೋದಲ್ಲಿ ನಿಂತಂಗಿದೆ. ಇನ್ನೊಂದು ಏನಂದ್ರೆ ಆಂಡ್ರಿಯಾಸ್ ಕಿಸ್ಸರ್ ಎಂಥ ಲೀಡ್ ಗಿಟಾರಿಸ್ಟು, ಅರೈಸ್‌ನಲ್ಲಿ ಅವನ ಸೋಲೋಗಳು ಹೆಂಗಿದ್ವು, ಇಲ್ಲಿ ಅವನಿಗೆ ಜಾಗಾನೇ ಕಮ್ಮಿ. ಬಹಳ ಕಡೆ ಸೋಲೋ ಬದಲು ಕಿರ್ ಪರ್ ಅಂತ ಸದ್ದು ಮಾಡಿ ಸುಮ್ಮನಾಗ್ತಾನೆ. ಗ್ರೂವ್‌ಗೋಸ್ಕರ ಕೊಟ್ಟ ಬೆಲೆ ಇದು ಅಂತ ಅರ್ಥ ಆಗತ್ತೆ, ಆದ್ರೂ ಹೊಟ್ಟೆ ಉರಿಯತ್ತೆ.

ಫೋನ್ ಸ್ಪೀಕರಲ್ಲಿ ಕೇಳೋ ಪ್ಲಾನ್ ಇದ್ರೆ ಬೇಡ, ಟಾಮ್‌ಗಳೆಲ್ಲ ಡಬ್ಬ ಬಡಿದಂಗೆ ಕೇಳತ್ತೆ, ಆಲ್ಬಮ್‌ನ ಅರ್ಧ ಜೀವ ಅಲ್ಲೇ ಹೋಗತ್ತೆ. ನಾನು ಒಂದ್ಸಲ ಬುದ್ಧಿವಂತಿಕೆ ಮಾಡಿ ದಿ ಹಂಟ್ ಕಿತ್ತಾಕಿ, ಕಯೋವಾಸ್‌ನ ತಂದು ಕೊನೆಗೆ ಇಟ್ಟು, ನನ್ನದೇ ಒಂದು ಪ್ಲೇಲಿಸ್ಟ್ ಮಾಡ್ಕೊಂಡಿದ್ದೆ. ನಾಲ್ಕನೇ ಹಾಡು ಅಮೆನ್ ಮುಗಿದ ತಕ್ಷಣ ಪ್ರೊಪಗ್ಯಾಂಡಾ ಶುರುವಾದಾಗ ಎರಡೂ ಒಂದಕ್ಕೊಂದು ಡಿಕ್ಕಿ ಹೊಡ್ಕೊಂಡಂಗಾಯ್ತು, ಮಧ್ಯೆ ಉಸಿರಾಡೋ ಜಾಗಾನೇ ಇರಲಿಲ್ಲ. ಕಯೋವಾಸ್‌ನ ವಾಪಸ್ ತಂದು ಐದನೇ ಜಾಗದಲ್ಲೇ ಇಟ್ಟೆ. ದಿ ಹಂಟ್ ಮಾತ್ರ ಇನ್ನೂ ಆಚೆನೇ ಇದೆ.