ಬಿಳಿಯ ಟ್ಯಾಂಕಿನ ಕೊಲಂಬಿಯಾ: ಒಂದು ಜೋಡಣೆ ಮಾದರಿಯ ವಿಮರ್ಶೆ

ನವರಾತ್ರಿಗೆ ಗೊಂಬೆ ಕೂರಿಸಲೆಂದು ಮಲ್ಲೇಶ್ವರದ ಅಂಗಡಿಯೊಂದರಿಂದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ 1:144 ಅಳತೆಯ ಪ್ಲಾಸ್ಟಿಕ್ ಮಾದರಿಯನ್ನು ತಂದು, ಬಿಡಿಭಾಗಗಳನ್ನು ಮನೆಯಲ್ಲೇ ಅಂಟಿಸಿ ಬಣ್ಣ ಬಳಿದೆವು. ಇಂಧನದ ದೊಡ್ಡ ಟ್ಯಾಂಕಿಗೆ ಬಿಳಿ ಬಣ್ಣ ಹಚ್ಚಬೇಕೆಂಬ ಸೂಚನೆಯನ್ನು ಕಂಡಾಗಲೇ ಇದರ ತಯಾರಕರ ಮೇಲೆ ನನಗೆ ವಿಶ್ವಾಸ ಮೂಡಿತು. ಷಟಲ್, ಅಂದರೆ ಮತ್ತೆ ಮತ್ತೆ ಹಾರಿಸಬಹುದಾದ ಇಂಥ ಅಮೆರಿಕದ ನೌಕೆ, ಎಂದೊಡನೆ ಕಿತ್ತಳೆ ಬಣ್ಣದ ಟ್ಯಾಂಕು ಕಣ್ಣಿಗೆ ಕಟ್ಟುತ್ತದೆಯಾದರೂ, ಮೊದಲ ಎರಡು ಯಾನಗಳಲ್ಲಿ ಅದು ಬಿಳಿಯದಾಗಿತ್ತು. ತೂಕ ಉಳಿಸಲೆಂದು ಮೂರನೆಯ ಯಾನದಿಂದ ಬಣ್ಣವನ್ನು ಕೈಬಿಟ್ಟರು. 1981ರ ಏಪ್ರಿಲ್ 12ರಂದು ಗಗನಯಾತ್ರಿ ಜಾನ್ ಯಂಗ್ ಅವರು ಮೊದಲ ಯಾನದಲ್ಲಿ ಮೇಲೇರಿಸಿದ ನೌಕೆಗೆ ಬಿಳಿಯ ಟ್ಯಾಂಕೇ ಸರಿ.

ಮೇಲೇರುವಾಗ ಒತ್ತು ಕೊಡುವ ಪಕ್ಕದ ರಾಕೆಟ್‌ಗಳಾದ ಬೂಸ್ಟರ್‌ಗಳು ಸಲೀಸಾಗಿ ಕೂಡಿಕೊಂಡವು. ಟ್ಯಾಂಕಿನ ಹೋಳುಗಳ ನಡುವಿನ ಸಂದಿಗೆ ಮಾತ್ರ ಪುಟ್ಟಿ ತುಂಬಿ ಉಜ್ಜಬೇಕಾಯಿತು. ಮುಖ್ಯ ಎಂಜಿನ್‌ಗಳ ಕೆಳಗೆ ಬರುವ ಬೆರಳಗಲದ ಫಲಕವನ್ನು ಬಿಡಿಯಾಗಿ ಕೊಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾಯಿತು. ಆ ಮೊದಲ ಯಾನಕ್ಕೆ ಮುನ್ನ ಮನುಷ್ಯರಿಲ್ಲದೆ ಒಮ್ಮೆಯೂ ಕಕ್ಷೆಗೆ ಹೋಗಿರದ ನೌಕೆ ಅದು. ಅಂದು ಬೂಸ್ಟರ್‌ಗಳು ಹೊತ್ತಿಕೊಂಡಾಗ ಎದ್ದ ಒತ್ತಡದ ಅಲೆ ಈ ಫಲಕವನ್ನು ಮಿತಿಮೀರಿ ದೂಡಿತ್ತು. ಆಗಲೇ ಗೊತ್ತಾಗಿದ್ದರೆ ಸುರಕ್ಷಿತ ಎತ್ತರಕ್ಕೇರಿ ನೌಕೆಯಿಂದ ಹೊರಕ್ಕೆ ಚಿಮ್ಮುತ್ತಿದ್ದೆವು ಎಂದು ಯಂಗ್ ಅವರು ಮುಂದೆ ಹೇಳಿದ್ದುಂಟು. ಅಂಥದ್ದೊಂದು ಫಲಕವನ್ನು ಚಿಮಟದಲ್ಲಿ ಹಿಡಿದು ಅಂಟಿಸುವಾಗ ಕೈ ತಾನಾಗಿಯೇ ನಿಧಾನವಾಗುತ್ತದೆ.

ನಿರಾಸೆಯಾದದ್ದು ಜೊತೆಗಿರುವ ಕೈಪಿಡಿಯಿಂದ. ಅದರಲ್ಲಿ ಯಂಗ್ ಮತ್ತು ಅವರೊಡನೆ ಹಾರಿದ ರಾಬರ್ಟ್ ಕ್ರಿಪ್ಪೆನ್ ಅವರ ಹೆಸರುಗಳಷ್ಟೇ ಇವೆ. 1962ರಿಂದ 2004ರವರೆಗೆ, 42 ವರ್ಷ ನಾಸಾದಲ್ಲಿ ದುಡಿದು, ಜೆಮಿನಿ, ಅಪೋಲೊ, ಷಟಲ್ ಮೂರರಲ್ಲೂ ಎರಡೆರಡು ಬಾರಿ ಹಾರಿದ ಯಂಗ್ ಅವರಿಗೆ ಇದು ತೀರ ಕಡಿಮೆ. 1972ರಲ್ಲಿ ಅಪೋಲೊ 16ರ ನಾಯಕರಾಗಿ ಅವರು ಚಂದ್ರನ ಮೇಲಿದ್ದಾಗಲೇ, ಷಟಲ್‌ಗೆ ಹಣ ಒದಗಿಸುವ ಬಜೆಟ್ಟಿಗೆ ಅಮೆರಿಕದ ಕೆಳಮನೆಯ ಒಪ್ಪಿಗೆ ಸಿಕ್ಕಿತೆಂಬ ಸುದ್ದಿ ತಲುಪಿತು. ದೇಶಕ್ಕೆ ಆ ನೌಕೆ ಬಹಳ ಅಗತ್ಯವೆಂದು ಅವರು ಅಲ್ಲಿಂದಲೇ ನುಡಿದರು. ಒಂಬತ್ತು ವರ್ಷಗಳ ಬಳಿಕ, ಐವತ್ತರ ವಯಸ್ಸಿನಲ್ಲಿ, ಅದರ ಮೊದಲ ಯಾನಕ್ಕೆ ಅವರೇ ನಾಯಕರಾದರು. 1986ರಲ್ಲಿ ಚಾಲೆಂಜರ್ ಎಂಬ ಇನ್ನೊಂದು ಷಟಲ್ ದುರಂತಕ್ಕೀಡಾದ ಮೇಲೆ, ತಾವೇ ಹಾರಿಸಿದ ಷಟಲ್‌ನ ಸುರಕ್ಷತೆಯ ಲೋಪಗಳನ್ನು ನಿಷ್ಠುರವಾಗಿ ಬರೆದವರೂ ಅವರೇ. ಇಷ್ಟನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದು ಮಾದರಿಯ ಮುಂದೆ ಇಟ್ಟೆ. ಗೊಂಬೆ ನೋಡಲು ಬಂದ ಮಕ್ಕಳು ಅದನ್ನು ಗಟ್ಟಿಯಾಗಿ ಓದಿದರು.

ಕೊಳ್ಳುವವರಿಗೆ ಎರಡು ಮಾತು: ಬೆಂಗಳೂರಿನ ಮಳೆಗಾಲದಲ್ಲಿ ಬಣ್ಣದ ಪ್ರತಿ ಲೇಪವನ್ನೂ ರಾತ್ರಿಯಿಡೀ ಒಣಗಲು ಬಿಡಬೇಕು, ಮತ್ತು ನಿಲ್ಲಿಸಿದಾಗ ಸುಮಾರು 39 ಸೆಂಟಿಮೀಟರ್ ಎತ್ತರವಾಗುವುದರಿಂದ ಗೊಂಬೆಯ ಮೆಟ್ಟಿಲಿನಲ್ಲಿ ಅಷ್ಟು ಜಾಗವನ್ನು ಮೊದಲೇ ನೋಡಿಕೊಳ್ಳಬೇಕು.